ಟೊಮೆಟೊ ಪ್ಲಾಟಿನ ಬಾಗಿಲಲ್ಲಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ವಿದ್ಯಾರ್ಥಿಗಳು ಹೇಳುತ್ತಾರೆ. ಸುಳ್ಳಲ್ಲ. ರಾಣೆಬೆನ್ನೂರಿನ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ನನ್ನನ್ನು ಹುಡುಕಿಕೊಂಡು ಬೀಜದ ಕಂಪನಿಯ ಅಧಿಕಾರಿಯೊಬ್ಬರು ಬಂದಾಗಲೂ ನನಗೆ ಮೊದಲು ಬಂದದ್ದು ಸಿಟ್ಟೇ. ದೇವರಗುಡ್ಡದ ಕಡೆಯ ಹಳ್ಳಿಯೊಂದರಲ್ಲಿ ಅವರ ಟೊಮೆಟೊ ಬೀಜದ ಪ್ಲಾಟು ಇತ್ತು. ಸುತ್ತ ಬಲೆ ಕಟ್ಟಿದ ಮನೆಯೊಳಗೆ ಹೆಂಗಸರು ಸಂಜೆ ಹೂವಿನ ಕೇಸರ ಕಿತ್ತು, ಮರುದಿನ ಬೆಳಿಗ್ಗೆ ಬೇರೆ ತಳಿಯ ಪರಾಗ ಮುಟ್ಟಿಸುತ್ತಿದ್ದರು. ಆ ಬೀಜ ಕೊಳ್ಳುವ ಪರದೇಶದವರು ಪ್ಲಾಟು ನೋಡಲು ಬರುವವರಿದ್ದರು. ಈ ಹೆಂಗಸರಿಗೆ ನಾಲ್ಕು ವಾಕ್ಯ ಬಾಯಿಪಾಠ ಮಾಡಿಸಿದರೆ ಸಾಕು, ಅರ್ಥವಾಗದಿದ್ದರೂ ನಡೆಯುತ್ತದೆ ಎಂದರು ಅಧಿಕಾರಿ. ಗಿಳಿಪಾಠ ಬೇಕಿದ್ದರೆ ಗಿಳಿಯನ್ನೇ ಸಾಕಿಕೊಳ್ಳಿ ಎಂದೆ. ಅವರು ಪೆಚ್ಚಾದರು. ಕಲಿಸುವುದಾದರೆ ಸರಿಯಾಗಿ ಕಲಿಸುತ್ತೇನೆ, ಪ್ರತಿ ಭಾನುವಾರ ಮಧ್ಯಾಹ್ನ ಬರುತ್ತೇನೆ ಎಂದು ನಾನೇ ಒಪ್ಪಿಕೊಂಡೆ.

ಹಳ್ಳಿಯ ಸಮುದಾಯ ಭವನದಲ್ಲಿ ಪಾಠ ಶುರುವಾಯಿತು. ಗುಂಪಿನ ಮುಂದಾಳನ್ನು ಎಲ್ಲರೂ ಹಿರಿಯಾಕಿ ಎನ್ನುತ್ತಿದ್ದರು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ಆ ಮಾತು ಈಕೆಯನ್ನು ನೋಡಿಯೇ ಹುಟ್ಟಿರಬೇಕು. ಪ್ಲಾಟಿನ ಆ ತುದಿಯಲ್ಲಿ ಯಾರಾದರೂ ಹೂವು ಉದುರಿಸಿದರೆ ಈ ತುದಿಯಿಂದಲೇ ಗದರುವ ಗಂಟಲು. ಪ್ಲಾಟಿನ ನಿಯಮಗಳಲ್ಲಂತೂ ಆಕೆಯದು ದೊಡ್ಡ ಬಿಗಿ. ತಂಬಾಕು ಮುಟ್ಟಿದ ಕೈಯಿಂದ ಟೊಮೆಟೊ ಗಿಡಕ್ಕೆ ರೋಗ ಹತ್ತುತ್ತದೆ. ಅದಕ್ಕೇ ಸೋಪು ಹಚ್ಚಿ ಕೈ ತೊಳೆಯದೆ ಯಾರೂ ಒಳಗೆ ಕಾಲಿಡುವಂತಿರಲಿಲ್ಲ. ಒಮ್ಮೆ ಗುಟ್ಕಾ ಜಗಿಯುತ್ತ ಬಂದ ತನ್ನ ಸ್ವಂತ ಮೈದುನನನ್ನೇ ಬಾಗಿಲಿನಿಂದ ವಾಪಸು ಕಳಿಸಿದ್ದಳಂತೆ.

ಮೊದಲ ದಿನ ಪಾಠ ಮುಗಿದ ಮೇಲೆ ಆಕೆ ಹಿಂದೆ ಉಳಿದಳು. ಕಂಪನಿಯವರು ಹೊಸ ಹಳ್ಳಿಗಳಲ್ಲಿ ಪ್ಲಾಟು ಹಾಕುತ್ತಿದ್ದರು. ಅಲ್ಲಿಯ ಹೆಂಗಸರಿಗೆ ಕೆಲಸ ಕಲಿಸಲು ಒಬ್ಬರು ಬೇಕಿತ್ತು. ಬರುವ ಅತಿಥಿಗಳ ಜೊತೆ ತಾನೇ ಮಾತಾಡಿ ಅವರನ್ನು ಖುಷಿಯಾಗಿ ಕಳಿಸಿದರೆ ಆ ಜಾಗ ಆಕೆಗೆ, ಇಲ್ಲದಿದ್ದರೆ ಎಂದಿನಂತೆ ಯಾವನಾದರೂ ಓದಿದ ಹುಡುಗನಿಗೆ.

“ನನ್ನ ಕೈಯಾಗ ಕೆಲಸ ಕಲತ ಹುಡುಗ್ರು ನನ್ನ ಮ್ಯಾಲ ಸಾಹೇಬ್ರಾಗ್ಯಾರ್ರಿ ಅಕ್ಕಾರ” ಎಂದಳು. “ಇದೊಂದು ಸಲ ನಾ ಬಿಡಂಗಿಲ್ಲ.”

ಆ ಮಾತು ನನಗೆ ನಾಟಿತು. ನಾನೂ ಬಿಡಲಿಲ್ಲ.

ಇಂಗ್ಲಿಷಿನ ಕ್ಯಾನ್ ಸುಲಭವಾಗಿ ಬಂತು. ತನಗೆ ಏನೇನು ಬರುತ್ತದೆ ಎಂದು ಹೇಳಿಕೊಳ್ಳುವುದು ಯಾರಿಗೆ ಇಷ್ಟವಿಲ್ಲ? ಐ ಕ್ಯಾನ್ ರೈಡ್ ಸ್ಕೂಟಿ, ಐ ಕ್ಯಾನ್ ಮೇಕ್ ರೊಟ್ಟಿ ಎಂದು ಭವನ ತುಂಬ ಜಂಬವೋ ಜಂಬ. ಮೇ ಐ ಎಂದು ಕೇಳುವ ಪಾಠ ಬಂದಾಗ ನಗು ಎದ್ದಿತು. ಇಷ್ಟೊಂದು ಅಪ್ಪಣೆ ಕೇಳುತ್ತ ಕೂತರೆ ಮನೆಕೆಲಸ ಮುಗಿಯುವುದು ಯಾವಾಗ ಎಂದು ಒಬ್ಬಳು ಕೇಳಿದಳು. ಗಾಡಿ ನಿಂತದ್ದು ಮಾಡಲೇಬೇಕು ಎನ್ನುವ ಮಸ್ಟ್ ಹತ್ತಿರ. ನಾನು ಅತಿಥಿಯ ವೇಷ ಹಾಕಿ, ಭವನದ ಬಾಗಿಲನ್ನೇ ಪ್ಲಾಟಿನ ಬಾಗಿಲು ಮಾಡಿಕೊಂಡು, ಕೈ ತೊಳೆಯದೆ ಒಳಗೆ ನುಗ್ಗಿದೆ. ಹಿರಿಯಾಕಿ ನನ್ನನ್ನು ತಡೆಯಬೇಕಿತ್ತು. ಆಕೆ ಸೆರಗು ಸರಿಮಾಡಿಕೊಂಡು, ಪಕ್ಕಕ್ಕೆ ಸರಿದು, ಪ್ಲೀಸ್ ಕಮ್ ಎಂದಳು.

ಮೈದುನನ ಮುಂದೆ ಅಷ್ಟು ಬಾಯಿ, ಬಂದವರ ಮುಂದೆ ಬಾಯಿಗೆ ಬೀಗವೇ ಎಂದು ರೇಗಿದೆ.

“ಮೈದುನ ಮನಿಯಾವ್ರಿ. ಬಂದ ಮಂದೀನ ಬಾಗಲದಾಗ ನಿಂದ್ರಿಸಿದ್ರ ನಮ್ಮವ್ವ ಮ್ಯಾಲಿಂದ ಇಳದು ಬಂದು ಬೈತಾಳ” ಎಂದಳು ಹಿರಿಯಾಕಿ. ಉಳಿದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ವಾಕ್ಯ ಎಲ್ಲರಿಗೂ ಗೊತ್ತಿತ್ತು, ಆದರೆ ಅತಿಥಿಯ ಮುಖ ನೋಡಿ ಹೇಳಲು ಒಬ್ಬರಿಗೂ ನಾಲಿಗೆ ಏಳಲಿಲ್ಲ.

ಮುಂದಿನ ಭಾನುವಾರ ನಾನು ದಾರಿ ಬದಲಿಸಿದೆ. ಉಣ್ಣದೆ ಹೊರಟ ಬೀಗರಿಗೆ ಏನು ಹೇಳುತ್ತೀರಿ ಎಂದು ಕೇಳಿದೆ. ಉಂಡೇ ಹೋಗಬೇಕು ಎಂದು ಭವನ ಹಾರಿಹೋಗುವಂತೆ ಕೂಗಿದರು. ಅವರು ಒಲ್ಲೆ ಎಂದರೆ? ಕೈ ಹಿಡಿದು ಕೂರಿಸುತ್ತೇವೆ ಎಂದರು. ಹಾಗಾದರೆ ಬಂದವರಿಗೆ ಆಜ್ಞೆ ಮಾಡುವುದರಲ್ಲಿ ನಿಮ್ಮನ್ನು ಮೀರಿಸಿದವರಿಲ್ಲ, ಅದೇ ದನಿಯಲ್ಲಿ ಕೈ ತೊಳೆಯಲು ಹೇಳಿ ಎಂದೆ. ಯೂ ಮಸ್ಟ್ ಈಟ್ ಎಂದು ನನ್ನ ರಟ್ಟೆ ಹಿಡಿದು ಎಳೆದಾಡಿದರು. ಯೂ ಮಸ್ಟ್ ವಾಷ್ ಎನ್ನುವಾಗ ಮಾತ್ರ ಹಿರಿಯಾಕಿಯ ದನಿ ಗಂಟಲಲ್ಲೇ ಉಳಿಯುತ್ತಿತ್ತು.

ಅತಿಥಿಗಳು ಬರುವ ದಿನ ನಾನು ಅರ್ಧ ದಿನ ರಜೆ ಹಾಕಿ ಹೋದೆ. ಪ್ಲಾಟಿನ ಎದುರಿನ ಬೇವಿನ ಮರದ ಕೆಳಗೆ ನಿಂತಿದ್ದೆ. ಕಾರಿನಿಂದ ಇಳಿದವರಲ್ಲಿ ಹಿರಿಯರೊಬ್ಬರು, ನೋಡಿದರೆ ಅವರೇ ಮುಖ್ಯಸ್ಥರು, ಸಿಗರೇಟು ಸೇದಿ ಮುಗಿಸಿ, ತುಂಡನ್ನು ಬೂಟಿನಡಿ ಹೊಸಕಿ, ನೇರವಾಗಿ ಬಲೆಮನೆಯ ಕಡೆ ನಡೆದರು. ನಮ್ಮ ಅಧಿಕಾರಿ ಓಡಿಹೋಗಿ ತಾವೇ ಬಾಗಿಲು ತೆರೆದು ಹಿಡಿದರು. ತೊಳೆಯುವ ನೀರು, ಸೋಪು ಪಕ್ಕದಲ್ಲೇ ಇದ್ದವು. ಅತ್ತ ಅಧಿಕಾರಿ ಕಣ್ಣೆತ್ತಿಯೂ ನೋಡಲಿಲ್ಲ.

ಹಿರಿಯಾಕಿ ಬಾಗಿಲಲ್ಲಿ ನಿಂತಿದ್ದಳು. ಅಡ್ಡಗಟ್ಟಿದರೆ ಅತಿಥಿ ಮುನಿಸಿಕೊಳ್ಳಬಹುದು, ಕಾಯುತ್ತಿದ್ದ ಜಾಗ ಕೈತಪ್ಪಬಹುದು. ಬಿಟ್ಟರೆ ಇಷ್ಟು ದಿನ ಮಗುವಿನಂತೆ ಕಾಯ್ದ ಗಿಡಗಳಿಗೆ ಆ ಕೈ ತಗಲುತ್ತದೆ. ಮರದ ಕೆಳಗೆ ನನ್ನ ತುಟಿ ತಾನಾಗಿ ಯೂ ಮಸ್ಟ್, ಯೂ ಮಸ್ಟ್ ಎನ್ನುತ್ತಿತ್ತು.

ಆಕೆ ಮೊದಲು ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದಳು. ಬಾಗಿಲು ಮಾತ್ರ ಬಿಡಲಿಲ್ಲ.

“ಸರ್, ಯೂ ಮಸ್ಟ್ ವಾಷ್ ಹ್ಯಾಂಡ್ಸ್. ಸಿಗರೇಟ್ ಹ್ಯಾಂಡ್ ಕ್ಯಾನಾಟ್ ಕಮ್.”

ಅಧಿಕಾರಿಯ ಮುಖ ಕಪ್ಪಿಟ್ಟಿತು. ಪರವಾಗಿಲ್ಲ ಸರ್, ಬನ್ನಿ ಎಂದು ಅವರು ಇಂಗ್ಲಿಷಿನಲ್ಲಿ ತಡವರಿಸಿದರು. ಹಿರಿಯಾಕಿ ಅಲುಗಲಿಲ್ಲ, ತಂಬಿಗೆಯಲ್ಲಿ ನೀರು ತುಂಬಿಕೊಂಡು ಚಾಚಿದಳು. ಆ ಹಿರಿಯರು ತಮ್ಮ ಕೈಯನ್ನೊಮ್ಮೆ, ಆಕೆಯನ್ನೊಮ್ಮೆ ನೋಡಿದರು. ಅಂಗಿಯ ತೋಳು ಮೇಲೇರಿಸಿ, ಸೋಪು ಹಚ್ಚಿ, ಆಕೆ ನೀರು ಹಾಕಿದಂತೆ ಚೊಕ್ಕಟವಾಗಿ ತೊಳೆದುಕೊಂಡರು. ಆಮೇಲೆ ಆಕೆ ಪಕ್ಕಕ್ಕೆ ಸರಿದು, ನೌ ಯೂ ಮೇ ಕಮ್ ಎಂದಳು. ನನ್ನ ಕಣ್ಣು ತುಂಬಿತು. ಹೆಮ್ಮೆಗೇ ತುಂಬಿತು, ಮುಚ್ಚಿಡುವುದೇಕೆ? ಇಷ್ಟು ವರ್ಷ ಹೈಸ್ಕೂಲಿನ ಫಲಿತಾಂಶಕ್ಕೆ ಸಿಕ್ಕ ಶಾಲು ಹಾರಗಳೆಲ್ಲ ಆ ಗಳಿಗೆಯ ಮುಂದೆ ಏನೂ ಅಲ್ಲ.

ಒಳಗೆ ಅವರು ಏನೇನೋ ಕೇಳಿದರಂತೆ, ಆಕೆ ತನಗೆ ಬಂದಷ್ಟು ಹೇಳಿದಳಂತೆ. ಹೊರಗೆ ಬಂದಾಗ ಹೊರಟು ನಿಂತವರ ದಾರಿಗೆ ಅಡ್ಡ ನಿಂತು ಎಲ್ಲರಿಗೂ ಮಂಡಕ್ಕಿ, ಮಿರ್ಚಿ, ಚಹಾ ಕೊಡಿಸಿಯೇ ಕಳಿಸಿದಳು. ಈ ಸಲದ ಮಸ್ಟ್ ಸಲೀಸಾಗಿ ಬಂತು. ಕಾರು ಹತ್ತುವ ಮೊದಲು ಆ ಹಿರಿಯರು ಅಧಿಕಾರಿಯ ಹತ್ತಿರ ಹೇಳಿದ ಮಾತು ನನ್ನ ಕಿವಿಗೂ ಬಿತ್ತು: ನಮ್ಮ ಎಲ್ಲ ಪ್ಲಾಟಿನ ಬಾಗಿಲಲ್ಲೂ ಇಂಥವರೇ ಇರಬೇಕು.

ಜಾಗ ಆಕೆಗೇ ಸಿಕ್ಕಿತು.

ಈಚೆಗೆ ಒಂದು ಶನಿವಾರ, ಬೆಳಗಿನ ಶಾಲೆ ಮುಗಿಸಿ ಹಾಗೆಯೇ ಬಸ್ಸು ಹತ್ತಿದೆ. ಬ್ಯಾಡಗಿಯಲ್ಲಿ ಇಳಿದು, ಮೆಣಸಿನಕಾಯಿ ಘಾಟಿಗೆ ಸೀನುತ್ತ, ಆಟೋ ಹಿಡಿದು ಆಕೆ ಕಲಿಸುತ್ತಿದ್ದ ಹೊಸ ಪ್ಲಾಟಿಗೆ ಹೋದೆ. ಬಲೆಯ ಆಚೆ ಹೊಸ ಹೆಂಗಸರು ಸಾಲಾಗಿ ನಿಂತಿದ್ದರು, ನಡುವೆ ಆಕೆಯ ಅದೇ ಗಂಟಲು. ನನ್ನನ್ನು ಕಂಡು ಮುಖ ಅರಳಿಸಿಕೊಂಡು ಓಡಿ ಬಂದಳು. ಇವರೇ ನನಗೆ ಕಲಿಸಿದ ಅಕ್ಕಾರು ಎಂದು ಎಲ್ಲರಿಗೂ ಕೂಗಿ ಹೇಳಿದಳು. ನಾನು ಬೀಗುತ್ತ ಒಳಗೆ ಕಾಲಿಡಲು ಹೋದೆ. ಆಕೆ ಬಾಗಿಲಿಗೆ ಕೈ ಅಡ್ಡ ಹಿಡಿದಳು.

“ಟೀಚರ್, ಯೂ ಆಲ್ಸೋ ಮಸ್ಟ್ ವಾಷ್.”

ಸೀಮೆಸುಣ್ಣ ಮೆತ್ತಿದ ಕೈಯನ್ನು ಮೊಳಕೈತನಕ ತೊಳೆದೆ. ಆಕೆ ನನ್ನ ಅಂಗೈ ತಿರುಗಿಸಿ ನೋಡಿ, ಆಮೇಲೆ ಒಳಗೆ ಬಿಟ್ಟಳು.