ಒಂಬತ್ತನೆಯ ಗುರುತು

ಅಫಜಲಪುರದ ಕಾಲೇಜೊಂದರಲ್ಲಿ ಗಣಿತ ಕಲಿಸಲು ಗುರುಶಾಂತಮ್ಮ ಅತನೂರಿನಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದರು. ಮಳೆಗಾಲದಲ್ಲಿ ಇನ್ನೊಂದು ಕೆಲಸವೂ ಅವರ ಪಾಲಿಗಿತ್ತು. ಭೀಮೆ ಏರಿದಾಗ, ದಂಡೆಯ ಕಲ್ಲುಕಂಬದಲ್ಲಿ ನೀರು ಎಷ್ಟನೆಯ ಗುರುತಿಗೆ ಬಂದಿದೆ ಎಂದು ಮಣ್ಣೂರಿನ ಚಮನಸಾಬ ಫೋನಿನಲ್ಲಿ ಹೇಳುವನು. ಕೆಳಗಿನ ಓಣಿಗೆ ನೀರು ಮುಟ್ಟಲು ಎಷ್ಟು ತಾಸು ಉಳಿದಿದೆ ಎಂದು ಇವರು ತಿಳಿಸಬೇಕು. ಅಲ್ಲಿನ ಮೂವತ್ತು ಮನೆಯವರು ಮನೆ ಬಿಡುವುದೂ ಉಳಿಯುವುದೂ ಆ ಮಾತಿನ ಮೇಲೆ.

ಸೂತ್ರ ಅವರದಲ್ಲ, ಅವರಿಗೆ ಗಣಿತ ಕಲಿಸಿ ತೀರಿಹೋದ ವಾಮನರಾಯರದು. ಹದಿಮೂರರಲ್ಲಿ ನೀರಿನ ಗುರುತನ್ನು ಕಳೆದರೆ ಉಳಿದಷ್ಟು ತಾಸು. ಆದರೆ ರಾಯರು ಅದನ್ನು ‘ಗುರುತು ಕಳೆ ಒಂಬತ್ತು’ ಎಂಬುದರಿಂದ ಗುಣಿಸಿ, ಮತ್ತೆ ಅದರಿಂದಲೇ ಭಾಗಿಸಿ ಬರೆದಿದ್ದರು. ಯಾಕೆಂದು ಹೇಳಿರಲಿಲ್ಲ. ಗುರುಶಾಂತಮ್ಮನ ಕಾಲದಲ್ಲಿ ನೀರು ಎಂಟನ್ನು ದಾಟಿರಲಿಲ್ಲ. ರಾಯರು ಅದಕ್ಕೂ ಮೇಲಿನದನ್ನು ಕಂಡವರು.

೧೯೯೩ರಲ್ಲಿ ಕಾಲೇಜಿಗೆ ಬೀಜಗಣಿತ ಮಾಡುವ ಕಂಪ್ಯೂಟರ್ ಬಂತು. ಒಂದು ಮಧ್ಯಾಹ್ನ ಕಿರಿಯ ಅಧ್ಯಾಪಕ ಹರಿ ರಾಯರ ಸೂತ್ರವನ್ನು ಅದಕ್ಕೆ ಕೊಟ್ಟ. ಗುಂಡಿ ಒತ್ತಿದ್ದೇ ತಡ, ಮೇಲಿನ ‘ಗುರುತು ಕಳೆ ಒಂಬತ್ತೂ’ ಕೆಳಗಿನದೂ ಮಾಯವಾದವು.

“ನೋಡ್ರಿ ಮೇಡಂ, ರಾಯರು ಸುಮ್ಮನ ಉದ್ದ ಮಾಡಿದ್ರು. ಇದು ಕೇಳದನ ಸಣ್ಣ ಮಾಡ್ತದ.”

“ನಾನೂ ಇಪ್ಪತ್ತು ವರ್ಷದಿಂದ ಹುಡುಗ್ರಿಗೆ ಹೊಡದುಹಾಕ್ರಿ ಅಂತನ ಹೇಳೇನಲ್ಲ,” ಎಂದರು ಗುರುಶಾಂತಮ್ಮ.

ಆದರೂ ಮನಸ್ಸು ಒಪ್ಪಲಿಲ್ಲ. ತಾವೇ ಕುಳಿತು ಮತ್ತೆ ಬರೆದರು. ಮತ್ತೆ ಹೋಯಿತು. ಮೂರನೆಯ ಸಲ ಕಣ್ಣು ಮಿಟುಕಿಸದೆ ನೋಡಿದರು. ಗಾಜಿನ ಆಚೆ ಯಾರೋ ಕುಳಿತು ಒದ್ದೆ ಬಟ್ಟೆಯಿಂದ ಒರೆಸಿದ ಹಾಗೆ, ಇದ್ದದ್ದು ಇಲ್ಲವಾಯಿತು.

ಆಗಲೇ ಫೋನು ಬಂತು.

“ಅಕ್ಕೋರ, ಒಂಬತ್ತಕ್ಕದರಿ,” ಎಂದ ಚಮನಸಾಬ.

“ನಾಲ್ಕು ತಾಸು ಅನ್ರಿ,” ಎಂದ ಹರಿ, ಅವರು ‘ಒಂಬತ್ತು’ ಎಂದದ್ದು ಕೇಳಿ.

“ಭಾಳ ಜೋರ ಏರಾಕತ್ತದೇನು?” ಎಂದು ಕೇಳಿದರು ಗುರುಶಾಂತಮ್ಮ.

“ಏರವಲ್ದು, ಇಳೀವಲ್ದುರಿ. ಮುಂಜಾನಿಂದ ಅಲ್ಲೇ ನಿಂತದ. ನದಿ ಸಪ್ಪಳನೂ ಇಲ್ಲ. ದನಾ ದಂಡಿಗೆ ಹೋಗವಲ್ಲವು.”

“ಫೋನ್ ಇಡಬ್ಯಾಡ್ರಿ.”

ಗುರುಶಾಂತಮ್ಮ ಕಂಪ್ಯೂಟರಿನ ಕೈಪಿಡಿ ತೆಗೆದು ಸಾಲು ಸಾಲಾಗಿ ಬೆರಳಿಟ್ಟು ಹುಡುಕಿದರು. ತಾನಾಗಿಯೇ ಸಣ್ಣದು ಮಾಡುವುದನ್ನು ನಿಲ್ಲಿಸುವ ಆಜ್ಞೆ ಸಿಕ್ಕಿತು. ಅದನ್ನು ಕೊಟ್ಟು ಸೂತ್ರ ಬರೆದರು. ಈ ಸಲ ಅದು ಅಳಿಯಲಿಲ್ಲ. ಒಂಬತ್ತನ್ನು ಹಾಕಿದರು. ಮೇಲೆ ಸೊನ್ನೆ, ಕೆಳಗೆ ಸೊನ್ನೆ. ಉತ್ತರವಿಲ್ಲ ಎಂದಿತು ಕಂಪ್ಯೂಟರ್.

ರಾಯರು ಉದ್ದ ಮಾಡಿರಲಿಲ್ಲ. ಒಂಬತ್ತರಲ್ಲಿ ಯಾರೂ ಲೆಕ್ಕ ನಂಬಬಾರದೆಂದು ಅಲ್ಲೊಂದು ತೂತು ಬಿಟ್ಟಿದ್ದರು.

“ಓಣಿ ಎಬ್ಬಸ್ರಿ ಚಮನಸಾಬ. ಈಗಿಂದೀಗ.”

“ಬಿಸಲು ಬಿದ್ದದರಿ ಅಕ್ಕೋರ, ಮಂದಿ ನನಗ ನಗ್ತಾರ.”

“ನಗಲಿ. ನಕ್ಕೋತನ ಹೊರಗ ಬರಲಿ.”

“ಎಷ್ಟು ತಾಸದ ಅಂತ ಹೇಳ್ಲಿ?”

“ಗೊತ್ತಿಲ್ಲ ಅಂತ ಹೇಳ್ರಿ.”

ತಾಸೊಪ್ಪತ್ತಿನ ಮೇಲೆ ಮತ್ತೆ ಫೋನು. ಚಮನಸಾಬನ ದನಿ ಸಣ್ಣಗಾಗಿತ್ತು.

“ಎಲ್ಲಾರೂ ಸಾಲ್ಯಾಗ ಬಂದು ಕುಂತಾರರಿ. ನೀರು ನದಿ ಕಡಿಂದ ಬರಲಿಲ್ಲ. ನದಿ ಹಿಂದಿನ ಹಳ್ಳಕ್ಕ ಹೊರಳಿ, ಅಲ್ಲಿಂದ ಬಂತು, ಸಪ್ಪಳಿಲ್ಲದ. ಮನ್ಯಾಗ ಮಂಚ ತೇಲಾಕತ್ತಾವ.”

“ಕಂಬದಾಗ ಎಷ್ಟದ?”



“ಇನ್ನೂ ಒಂಬತ್ತ ಅದರಿ, ಅಕ್ಕೋರ.”