ಯಾವಾಗಲೂ ಜೂನ್ ಇದ್ದ ಅಂಗಡಿ

ಕಳೆದ ವಾರ ಅಟ್ಟದ ಟ್ರಂಕಿನಲ್ಲಿ ಬೇರೇನನ್ನೋ ಹುಡುಕುವಾಗ ಒಂದು ಹಾಳೆ ಸಿಕ್ಕಿತು. ಒಂದು ಬದಿಯಲ್ಲಿ ನಾನು ಬರೆದ ನಾಟಕದ ಮೂರನೆಯ ದೃಶ್ಯ. ಇನ್ನೊಂದು ಬದಿಯಲ್ಲಿ ಯಾರದೋ ಮಗುವಿನ ಮೊದಲ ಕೂದಲು ತೆಗೆಸುವ ಜಾವಳದ ಆಮಂತ್ರಣ. ಮೂಗಿಗೆ ಹಿಡಿದೆ. ಇಷ್ಟು ವರ್ಷದ ಮೇಲೆ ವಾಸನೆ ಉಳಿದಿರಲಿಕ್ಕಿಲ್ಲ. ಆದರೂ ಬಂತು: ಪ್ರಿಂಟರಿನಿಂದ ಆಗಷ್ಟೇ ಹೊರಬಿದ್ದ ಬಿಸಿ ಕಾಗದ, ಅದಕ್ಕೆ ಮೆತ್ತಿಕೊಂಡ ಊದಿನಕಡ್ಡಿಯ ಹೊಗೆ... ಮೂಗನ್ನೂ ನಂಬಬಾರದು.

ಹಾಳೆಯ ಅಡಿಗೆ ಸಣ್ಣ ಅಕ್ಷರದಲ್ಲಿ ತಾರೀಖು ಅಚ್ಚಾಗಿತ್ತು. ತೊಂಬತ್ತೆಂಟರ ಜೂನ್. ಅದು ಸುಳ್ಳು. ಆ ಸುಳ್ಳಿನಿಂದ ನಾನು ಧಾರವಾಡದ ನಾಲ್ಕು ಜನರ ಎದುರಿಗೆ ಕಳ್ಳನಾದೆ. ಸುಳ್ಳು ಯಾರದು ಎಂದು ಗೊತ್ತಿದ್ದೂ ಬಾಯಿ ಬಿಡದವನೊಬ್ಬನಿದ್ದ. ಈ ಬರಹ ಅವನ ಮೇಲೆ.

ಅವನದು ಹುಬ್ಬಳ್ಳಿಯ ಕಮರಿಪೇಟೆಯ ಒಂದು ಓಣಿಯಲ್ಲಿ ಡಿಟಿಪಿ ಅಂಗಡಿ. ಕಂಪ್ಯೂಟರಿನಲ್ಲಿ ಕನ್ನಡ ಟೈಪು ಮಾಡಿ ಪುಟ ಕಟ್ಟಿ ಕೊಡುವ ಕೆಲಸ. ಲಗ್ನಪತ್ರಿಕೆ, ಕಾಲೇಜಿನ ಪ್ರಬಂಧ, ಚುನಾವಣೆ ಬಂದರೆ ಕರಪತ್ರ. ಎಲ್ಲರೂ ಅವನನ್ನು ಮಾಲಕರು ಎನ್ನುತ್ತಿದ್ದರು. ನಾನೂ ಎದುರಿಗೆ ಹಾಗೇ ಕರೆದೆ, ಪ್ರತಿ ಮಾತಿಗೂ 'ರೀ' ಹಚ್ಚಿದೆ. ಬರಹದಲ್ಲಿ ಆ ಹಂಗಿಲ್ಲ. ಅವನು ಎಂದೇ ಬರೆಯುತ್ತೇನೆ.

ಇಲ್ಲಿ ಅವನ ಮುಖದ ವರ್ಣನೆ ಬರಬೇಕು. ಬರುವುದಿಲ್ಲ. ಅವನಿಗೆ ಕನ್ನಡಕ ಇತ್ತೋ ಇಲ್ಲವೋ ನನಗೆ ನೆನಪಿಲ್ಲ, ನೆನಪಿದ್ದಂತೆ ಬರೆಯುವುದು ನನಗೆ ಸೇರುವುದಿಲ್ಲ. ಇರುವುದು ಇಷ್ಟು: ಚಪ್ಪಲಿ ಹೊರಗೆ ಬಿಡಿಸುತ್ತಿದ್ದ. ಮಾನಿಟರಿಗೆ ವಿಭೂತಿ ಹಚ್ಚುತ್ತಿದ್ದ. ಸುಸ್ತಾದ ಗಿರಾಕಿಗೂ ನೀರು ಬೇಕೇ ಎಂದು ಕೇಳುತ್ತಿರಲಿಲ್ಲ, ಕಂಪ್ಯೂಟರಿಗೆ ಮಾತ್ರ ಟೇಬಲ್ ಫ್ಯಾನು ತಿರುಗಿಸಿ ಇಟ್ಟಿರುತ್ತಿದ್ದ. ಕೆಲಸವಿಲ್ಲದಾಗ ಅದರ ಮೇಲೆ ಇಳಕಲ್ ಸೀರೆಯ ತುಂಡಿನಿಂದ ಹೊಲಿಸಿದ ಗೌಸು.

ಮತ್ತು ಅಭಿಪ್ರಾಯಗಳು. ಓಣಿಯಲ್ಲಿ ಯಾರ ಮನೆಗೆ ಕಂಪ್ಯೂಟರ್ ಬಂದರೂ ಮೊದಲು ಅವನನ್ನು ಕೇಳಬೇಕು. ಇಂಟರ್ನೆಟ್ ಹಾಕಿಸಲೇ ಎಂದು ಕೇಳಿದ ಔಷಧಿ ಅಂಗಡಿಯವರಿಗೆ ಅವನು ಹೇಳಿದ್ದು ನನ್ನ ಎದುರಿಗೇ: "ತಲಬಾಗಲಾ ತಗದಿಟ್ಟು ಮಲಗ್ತೀರೇನ್ರಿ ನೀವು? ಮತ್ತ ಇದ್ಯಾಕ್ರಿ?" ತಂತ್ರಾಂಶದ ಹೊಸ ಆವೃತ್ತಿ ಬಂದಿದೆಯಂತೆ ಎಂದವರಿಗೆ: "ನಡಿಯೋ ಗಾಡಿ ಗಾಲಿ ಬಿಚ್ಚಿ ನೋಡಬಾರದ್ರಿ." ಇಮೇಲ್ ತೆರೆದುಕೊಂಡು ಹತ್ತು ಜನಕ್ಕೆ ದೇವರ ಚಿತ್ರ ಕಳಿಸಿದರೆ ಪುಣ್ಯವೆಂದು ನಂಬಿದ್ದ ಒಬ್ಬರಿಗೆ, "ಹತ್ತ ಮಂದೀದು ಬೈಗುಳಾನೂ ನಿಮಗ ಬರ್ತಾವ, ಅದನ್ನೂ ಲೆಕ್ಕ ಹಿಡೀರಿ" ಎಂದಿದ್ದ. ನಕ್ಕಿದ್ದೆ. ಈಗ ಮೊಬೈಲಿನಲ್ಲಿ ದಿನಾ ಬೆಳಿಗ್ಗೆ ಸೂರ್ಯೋದಯದ ಚಿತ್ರಗಳನ್ನು ಅಳಿಸುತ್ತ ಕೂತಾಗ ಅವನ ಮಾತು ಸರಿಯಿತ್ತು ಎನ್ನಿಸುತ್ತದೆ. ಸರಿಯಾದ ಮಾತು ಆಡುವವರೆಲ್ಲ ಒಳ್ಳೆಯವರಲ್ಲ.

ಅವನ ಕಂಪ್ಯೂಟರಿನಲ್ಲಿ ಮಾತ್ರ ಯಾವಾಗಲೂ ಜೂನ್ ತಿಂಗಳು.

ಪುಟ ಕಟ್ಟುವ ತಂತ್ರಾಂಶವನ್ನು ಅವನು ಕೊಂಡಿರಲಿಲ್ಲ. ಒಂದು ತಿಂಗಳು ಪುಕ್ಕಟೆ ಬಳಸಿ ನೋಡಿ, ಒಪ್ಪಿದರೆ ರೊಕ್ಕ ಕೊಡಿ ಎಂದು ಕಂಪನಿ ಹಂಚಿದ್ದ ಪ್ರತಿ ಅದು. ತಿಂಗಳು ತುಂಬಿದ ಮೇಲೆ ಅದು ತೆರೆಯುವುದಿಲ್ಲ. ತುಂಬಲು ಇವನು ಬಿಡುತ್ತಿರಲಿಲ್ಲ. ತೊಂಬತ್ತೆಂಟರ ಜೂನಿನಲ್ಲಿ ಅದನ್ನು ಹಾಕಿಕೊಂಡವನು, ತಿಂಗಳ ಕೊನೆ ಬಂತೆಂದರೆ ಕಂಪ್ಯೂಟರಿನ ಗಡಿಯಾರವನ್ನು ಹಿಂದೆ ತಿರುಗಿಸಿ ಮತ್ತೆ ಜೂನ್ ಒಂದಕ್ಕೆ ತಂದು ನಿಲ್ಲಿಸುತ್ತಿದ್ದ. ಹೀಗೆ ವರ್ಷಗಟ್ಟಲೆ. ಹೊರಗೆ ಶತಮಾನ ಬದಲಾಯಿತು. ಒಳಗೆ ಅದೇ ಜೂನ್.

ಕಂಪ್ಯೂಟರಿನ ತಾರೀಖು ಸುಳ್ಳಾದ್ದರಿಂದ ಅವನು ಕೆಲಸಗಳನ್ನು ಹಬ್ಬ ಹುಣ್ಣಿಮೆಗಳ ಮೇಲೆ ನೆನಪಿಡುತ್ತಿದ್ದ. "ನೀವು ಕೊಟ್ಟದ್ದು ಕಾರಹುಣ್ಣಿಮಿ ಹಿಂದಿನ ದಿನ, ಒಯ್ದದ್ದು ಮಣ್ಣೆತ್ತಿನ ಅಮಾಸಿಗೆ. ಮಳಿ ಇತ್ತು, ಚೀಲ ತಂದಿದ್ದಿಲ್ಲ." ಈ ಲೆಕ್ಕ ತಪ್ಪಿದ್ದನ್ನು ಯಾರೂ ಕೇಳಿರಲಿಲ್ಲ.

ಗಡಿಯಾರದ ಗುಟ್ಟು ಅವನ ಕಾಯಂ ಗಿರಾಕಿಗಳಿಗೆ ಗೊತ್ತಿತ್ತು. ಎದುರಂಗಡಿಯವನಿಗೆ ಗೊತ್ತಾಗಬಾರದು, ಅಷ್ಟೇ. ಅವನಿಗೆ ಗುಮಾನಿ ಇತ್ತು, ಸಾಕ್ಷಿ ಇರಲಿಲ್ಲ. ರಸ್ತೆಯ ಆಚೆ ಅವನದೂ ಡಿಟಿಪಿ. ಅವನು ಬೇರೆ ಕಂಪನಿಯ ತಂತ್ರಾಂಶವನ್ನು ರೊಕ್ಕ ಕೊಟ್ಟು ಕೊಂಡಿದ್ದ. ಕಂಪನಿ ಕೊಟ್ಟ ಪರವಾನಗಿ ಪತ್ರಕ್ಕೆ ಚೌಕಟ್ಟು ಹಾಕಿಸಿ, ಗೋಡೆಗೆ ತೂಗಿ, ಶುಕ್ರವಾರ ಮಾಲೆ ಹಾಕುತ್ತಿದ್ದ. ಒಂದು ಅಂಗಡಿಯ ಫ್ಲಾಪಿಯನ್ನು ಇನ್ನೊಂದರಲ್ಲಿ ಹಾಕಿದರೆ ಕನ್ನಡದ ಬದಲು ಇರುವೆ ಸಾಲು ಕಾಣುತ್ತಿತ್ತು. ಹೀಗಾಗಿ ಓಣಿಯಲ್ಲಿ ಎರಡು ಪಕ್ಷ. ಒಮ್ಮೆ ಎದುರಂಗಡಿಯವನು ರಸ್ತೆ ನಡುವೆ ನಿಂತು ಕೂಗಿದ್ದ: "ಕದ್ದ ಎತ್ತಿಗೆ ಝೂಲ ಹೊಚ್ಚಿದ್ರ ನಿಂದ ಆಕ್ಕೈತೇನೋ? ಕಂಪನಿಗೆ ಬರಿತೇನಿ, ರೇಡ್ ಮಾಡಸ್ತೇನಿ!" ಇವನು ಒಳಗಿಂದಲೇ, "ಬರಿ, ಬರಿ. ಅಕ್ಷರ ನೆಟ್ಟಗ ಮೂಡ್ತಾವಿಲ್ಲೋ ನಿನ್ನ ಡಬ್ಬ್ಯಾಗ, ನೋಡಿಕೋ" ಎಂದ. ಮಾತು ಗಟ್ಟಿ ಇತ್ತು. ಆದರೆ ಕೂಡಲೇ ಕಂಪ್ಯೂಟರ್ ಬಂದ್ ಮಾಡಿ ಗೌಸು ಹೊಚ್ಚಿದ. ನಾನು ನೋಡಿದೆ.

ಆಗ ನಾನು ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ರಜೆಯ ದಿನ ನಾಟಕ ಬರೆಯುತ್ತಿದ್ದೆ. ಮೊಬೈಲು ಎಲ್ಲರ ಕಿಸೆಗೆ ಬರತೊಡಗಿದ್ದ ಕಾಲ. ಇಬ್ಬರು ಮಿಸ್ ಕಾಲ್ ಕೊಟ್ಟುಕೊಂಡೇ ಸಂಸಾರ ನಡೆಸುವ ನಾಟಕ ನನ್ನದು. ಒಂದು ರಿಂಗಿಗೆ ಹೊರಟೆ, ಎರಡಕ್ಕೆ ತಲುಪಿದೆ, ಮೂರಕ್ಕೆ ಸಿಟ್ಟು. ರಂಗದ ಮೇಲೆ ಮಾತಿಲ್ಲ, ಬರೀ ರಿಂಗು. ಯಾರೂ ಎತ್ತುವುದಿಲ್ಲ. ಕೊನೆಯ ದೃಶ್ಯದಲ್ಲಿ ಫೋನು ನಿಲ್ಲದೆ ಹೊಡೆದುಕೊಳ್ಳುತ್ತದೆ. ಅದಕ್ಕೆ ಅರ್ಥವೇನೆಂದು ಅವರಿಬ್ಬರೂ ಗೊತ್ತು ಮಾಡಿಕೊಂಡಿರುವುದಿಲ್ಲ... ನಾನು ಬರೆದದ್ದರಲ್ಲಿ ನನಗೆ ಇಂದಿಗೂ ನಾಚಿಕೆಯಾಗದ್ದು ಅದೊಂದೇ.

ಅದನ್ನು ಅವನ ಹತ್ತಿರ ಟೈಪಿಗೆ ಕೊಟ್ಟೆ. ಅವನಿಗೆ ಕಾಗದ ಉಳಿಸುವ ಚಟ. ಒಬ್ಬರ ಕರಡು ಅಚ್ಚಿನ ಹಿಂಬದಿಯಲ್ಲಿ ಇನ್ನೊಬ್ಬರ ಕರಡು ತೆಗೆಯುತ್ತಿದ್ದ. ನನ್ನ ಕೈಬರಹವೂ ಹಾಗೇ ಯಾರಯಾರದೋ ಬೆನ್ನಾಗಿ ಹೋಯಿತು. ಆ ದಿನಗಳಲ್ಲಿ ಧಾರವಾಡದ ಒಬ್ಬ ಕಾಲೇಜು ಮಾಸ್ತರರ ಪ್ರಬಂಧ ಅಲ್ಲೇ ಟೈಪಾಗುತ್ತಿತ್ತು. ಅವರು ಕರಡು ತಿದ್ದಲು ಮನೆಗೆ ಒಯ್ಯುತ್ತಿದ್ದರು. ಅವರ ಪ್ರಬಂಧದ ಬೆನ್ನಿಗೆ ನನ್ನ ನಾಟಕ ಹತ್ತಿಕೊಂಡು ಅವರ ಮನೆ ಸೇರಿತು ಎಂದು ನಾನು ಕಟ್ಟಿಕೊಂಡಿದ್ದೇನೆ. ಕಣ್ಣಾರೆ ಕಂಡವನಲ್ಲ.

ಕಂಡದ್ದು ಮುಂದಿನದು. ಒಂದು ಹವ್ಯಾಸಿ ನಾಟಕ ಸಂಘದವರು ಹೊಸ ನಾಟಕಗಳ ಸ್ಪರ್ಧೆ ಕರೆದರು. ಗೆದ್ದದ್ದನ್ನು ಆಡುತ್ತಾರೆ. ನಾನೂ ಕಳಿಸಿದೆ, ಮಾಸ್ತರರೂ ಕಳಿಸಿದರು. ಎರಡರಲ್ಲೂ ಅದೇ ಮಿಸ್ ಕಾಲ್, ಅದೇ ಗಂಡ ಹೆಂಡತಿ. ಅವರದರಲ್ಲಿ ಕೊನೆಗೆ ಫೋನು ಎತ್ತಿ ಅಳುತ್ತಾರೆ, ಅಷ್ಟೇ ವ್ಯತ್ಯಾಸ.

ಸಂಘದವರು ಇಬ್ಬರನ್ನೂ ಕರೆಸಿದರು. ವಿಚಾರಣೆಗೆ ಕೂತವರು ಸಾಲೆಯಿಂದ ನಿವೃತ್ತರಾದ ಒಬ್ಬ ಅಕ್ಕಾವರು. ಮಾಸ್ತರರು ದೀಪಾವಳಿಗೆ ತಮ್ಮ ಹುಡುಗರ ಎದುರು ನಾಟಕ ಓದಿದ್ದರು, ಅದಕ್ಕೆ ಸಾಕ್ಷಿ ಇತ್ತು. ನಾನು ಯಾರಿಗೂ ಓದಿರಲಿಲ್ಲ. ನಾನು ದೀಪಾವಳಿಗಿಂತ ಮುಂಚೆ ಬರೆದಿದ್ದೆನೆಂದು ತೋರಿಸಬೇಕಿತ್ತು. ನನ್ನ ಹತ್ತಿರ ಇದ್ದದ್ದು ಫ್ಲಾಪಿ, ಮತ್ತು ಅವನು. ಕೈಕಾಲು ಹಿಡಿದು ಅವನನ್ನು ಧಾರವಾಡಕ್ಕೆ ಕರೆದುಕೊಂಡು ಹೋದೆ.

ಕೋಣೆಯೊಳಗೆ ಕಾಲಿಟ್ಟವನು ಬಾಗಿಲಲ್ಲೇ ನಿಂತ. ಸಂಘದ ಕಂಪ್ಯೂಟರಿನ ಮುಂದೆ ಕೂತಿದ್ದವನು ಎದುರಂಗಡಿಯವನು. ಸಂಘದ ಕರಪತ್ರಗಳ ಕೆಲಸ ಅವನದಂತೆ.

"ಬರ್ರಿ ಮಾಲಕರ, ಕುಂದರ್ರಿ," ಎಂದ ಎದುರಂಗಡಿಯವನು, ಹಲ್ಲು ಕಿಸಿದು.

ಫ್ಲಾಪಿ ಹಾಕಿದರು. ಫೈಲು ತೆರೆಯಬೇಕಾಗಿರಲಿಲ್ಲ, ಹೆಸರಿನ ಮುಂದೆಯೇ ತಾರೀಖು ಕಾಣುತ್ತದೆ. ತೊಂಬತ್ತೆಂಟರ ಜೂನ್.

ಮಾಸ್ತರರು ಗೊಳ್ಳೆಂದು ನಕ್ಕರು. "ಅಕ್ಕಾವರ, ಆವಾಗ ಒಳಗ ಬರೋ ಫೋನಿಗೂ ರೊಕ್ಕ ಇತ್ರಿ. ಹುಬ್ಬಳ್ಳ್ಯಾಗ ಯಾರ ಮಿಸ್ ಕಾಲ್ ಕೊಡತಿದ್ರು? ಇವರ ಮುತ್ಯಾರೇನ? ತಾರೀಖ ತಿದ್ದಿದ್ರ ಒಂದೀಟು ನಂಬೋ ಹಂಗರ ತಿದ್ದಬೇಕಿತ್ರಿ ಇವರು!"

ಅಕ್ಕಾವರು ನನ್ನನ್ನು ನೋಡಿದರು. "ಏನ್ರಿ ಇದು?"

ನಾನು ಅವನ ಕಡೆ ತಿರುಗಿದೆ. "ಹೇಳ್ರಿ ಮಾಲಕರ. ನಿಮ್ಮ ಗಡಿಯಾರದ್ದು ಹೇಳಿಬಿಡ್ರಿ. ನಾ ಯಾವಾಗ ತಂದುಕೊಟ್ಟೆ ಅನ್ನೋದರ ಹೇಳ್ರಿ."

ಕಳ್ಳನೆನಿಸಿಕೊಂಡ ನನ್ನ ಮಾತಿಗೆ ಬೆಲೆ ಇರಲಿಲ್ಲ, ಅವನದೊಂದು ಮಾತು ಸಾಕಾಗಿತ್ತು. ಅವನು ಎದುರಂಗಡಿಯವನನ್ನು ನೋಡಿದ. ಆಮೇಲೆ ನೆಲ ನೋಡಿದ.

"ನಾ ಟೈಪ್ ಮಾಡಾವ್ರಿ ಅಕ್ಕಾವರ. ಕಂಪ್ಯೂಟರ್ ಏನ್ ತೋರಸ್ತೈತಿ ಅದ ಖರೇ."

ಅವನಿಗೆ ತಂತ್ರಾಂಶ ಉಳಿಯಿತು. ನನ್ನ ನಾಟಕವನ್ನು ಸ್ಪರ್ಧೆಯಿಂದ ತೆಗೆದರು. ಮಾಸ್ತರರದನ್ನು ಆಡಿದರು, ಊರೂರಿಗೆ ಒಯ್ದು ಆಡಿದರು. ನಾನು ಆಮೇಲೆ ನಾಟಕ ಬರೆಯಲಿಲ್ಲ.

ಇಷ್ಟರಲ್ಲಿ ಮುಗಿದಿದ್ದರೆ ದ್ವೇಷ ಸರಳವಾಗಿರುತ್ತಿತ್ತು. ಮರಳಿ ಬರುವಾಗ ಒಂದೇ ಬಸ್ಸು, ಪಕ್ಕದ ಸೀಟು. ಸತ್ತೂರ ದಾಟಿದ ಮೇಲೆ ಅವನು ಮುಂದಿನ ಸೀಟಿನ ಬೆನ್ನಿಗೆ ಹೇಳುವಂತೆ ಹೇಳಿದ: "ನೀವ್ ತಂದುಕೊಟ್ಟದ್ದು ನನಗ ಪಕ್ಕಾ ನೆನಪೈತ್ರಿ. ಹುಣ್ಣಿಮಿ ಮರುದಿನ. ನೆಲ್ಲಿಕಾಯಿ ಒಳಗ ಕುಂತು ತಿಂದ್ರಿ, ಬೀಜ ನನ್ನ ಟೇಬಲ್ ಮ್ಯಾಲ ಇಟ್ರಿ." ಯಾವ ಹುಣ್ಣಿಮೆ ಎಂದು ಹೆಸರೂ ಹೇಳಿದ.

ಯಾರಿಗೂ ಕೇಳದ ಜಾಗದಲ್ಲಿ ಹೇಳುವ ಸತ್ಯ ಬೈಗುಳಕ್ಕಿಂತ ಕೀಳು. "ಅಲ್ಲಿ ನಿಮ್ಮ ನಾಲಿಗಿ ಬಿದ್ದು ಹೋಗಿತ್ತೇನು?" ಎಂದೆ. ಆ ಒಂದು ಸಲ 'ರೀ' ಹಚ್ಚಲಿಲ್ಲ. ಉಣಕಲ್ಲಿನಲ್ಲಿ ಇಳಿದು ನಡೆದೆ. ಮತ್ತೆ ಆ ಓಣಿಗೆ ಹೋಗಲಿಲ್ಲ.

ಹಾಳೆ ಸಿಕ್ಕ ಮರುದಿನ ಹೋದೆ. ಕ್ಷಮಿಸಲಿಕ್ಕಲ್ಲ. ಬಸ್ಸಿನಲ್ಲಿ ಅರ್ಧಕ್ಕೆ ಬಿಟ್ಟ ಜಗಳ ಪೂರ್ತಿ ಮಾಡಲಿಕ್ಕೆ.

ಎದುರಂಗಡಿ ಇರಲಿಲ್ಲ, ಅಲ್ಲಿ ಮೊಬೈಲ್ ಕವರು ಮಾರುತ್ತಾರೆ. ಇವನ ಅಂಗಡಿಯಲ್ಲಿ ಒಬ್ಬ ಹೆಣ್ಣುಮಗಳು ಕೂತಿದ್ದಳು. ಅವನ ಮಗಳು. "ಅಪ್ಪಾರು ಹೋಗಿ ಭಾಳ ವರ್ಷ ಆತಲ್ರಿ ಸರ್," ಎಂದಳು, ನನಗೆ ಗೊತ್ತಿರಬೇಕಿತ್ತು ಎಂಬಂತೆ.

ಸತ್ತವನ ಸಂಗಡ ಜಗಳವಾಡಲು ಬರುವುದಿಲ್ಲ. ಇದೂ ಅವನ ಇನ್ನೊಂದು ಮೋಸ ಎನ್ನಿಸಿತು.

ಅವಳಿಗೆ ಹಾಳೆ ತೋರಿಸಿದೆ. ಅವಳ ಮುಂದೆ ಹೊಸ ಕಂಪ್ಯೂಟರು, ಅದರಲ್ಲಿ ತಿಂಗಳ ಬಾಡಿಗೆಯ ತಂತ್ರಾಂಶ. ಈಗ ಎಲ್ಲವೂ ಬಾಡಿಗೆಯದೇ, ಗಡಿಯಾರವೂ ಕಂಪನಿಯ ಕೈಯಲ್ಲಿ. ಅವನಿದ್ದರೆ ಏನನ್ನುತ್ತಿದ್ದ ಎಂದು ಯೋಚಿಸಿದೆ, ಯೋಚಿಸಿದ್ದಕ್ಕೆ ನನ್ನ ಮೇಲೆಯೇ ಸಿಟ್ಟು ಬಂತು. ಅವಳು ಎದ್ದು ಮೂಲೆಗೆ ಹೋಗಿ ಇಳಕಲ್ ಸೀರೆಯ ಗೌಸು ತೆಗೆದಳು. ಅದೇ ಯಂತ್ರ.

"ಇದನ್ನ ಇನ್ನೂ ಯಾಕ ಇಟ್ಟೀರಿ?"

"ಹಳೇ ಫೈಲ್ ಬ್ಯಾರೆ ಕಡೆ ತೆರಿಯೂದಿಲ್ರಿ. ಎಂದರ ಒಬ್ಬರು ಬರ್ತಾರ, ನಿಮ್ಮಂಗ."

ನಾಟಕ ಸಿಕ್ಕಿತು. ಅಚ್ಚು ತೆಗೆದು ಕೊಟ್ಟಳು, ಎರಡೂ ಬದಿ ಬಳಸದೆ, ಹೊಸ ಕಾಗದದ ಮೇಲೆ. ಪ್ರತಿ ಪುಟದ ಅಡಿಗೂ ಜೂನ್. ಸುಳ್ಳನ್ನು ಹೊಡೆದುಹಾಕಿ ಖರೇ ತಾರೀಖು ಬರೆಯೋಣವೆಂದು ಪೆನ್ನು ತೆಗೆದೆ. ಮೊದಲ ಪುಟದ ಜೂನ್ ಮೇಲೆ ಗೆರೆ ಎಳೆದೆ.

ಅಲ್ಲಿಗೆ ನಿಂತೆ.

ಬಸ್ಸಿನಲ್ಲಿ ಅವನು ಹೇಳಿದ ಹುಣ್ಣಿಮೆ ಯಾವುದು? ಶೀಗಿ ಹುಣ್ಣಿಮೆಯೆಂದರೆ ದೀಪಾವಳಿಗೆ ಮುಂಚೆ. ನಾಟಕ ನನ್ನದೇ ಮೊದಲು. ಗೌರಿ ಹುಣ್ಣಿಮೆಯೆಂದರೆ ದೀಪಾವಳಿ ಆದ ಮೇಲೆ. ಆಗ ಮಾಸ್ತರರದು ಮೊದಲು. ಶೀಗಿ ಎಂದೇ ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಆದರೆ ಪೆನ್ನು ಕಾಗದಕ್ಕೆ ತಾಗಿದಾಗ ಕಿವಿಯಲ್ಲಿ ಅವನ ದನಿ ಬರಲಿಲ್ಲ. ನನ್ನದೇ ದನಿ ಬಂತು. ನನಗೆ ಶೀಗಿ ಬೇಕು, ಅದಕ್ಕೇ ಅದು ಶೀಗಿ. ನೆಲ್ಲಿಕಾಯಿ ಗೌರಿ ಹುಣ್ಣಿಮೆಗೂ ಸಿಗುತ್ತದೆ, ಆವಾಗಲೇ ಹೆಚ್ಚು ಸಿಗುತ್ತದೆ... ಬರೆದವನು ನಾನು ಎಂಬುದರಲ್ಲಿ ಅನುಮಾನವಿಲ್ಲ. ಯಾವಾಗ ಎಂಬುದನ್ನು ತಿಳಿದಿದ್ದವನು ಒಬ್ಬನೇ. ಅವನು ಹೇಳಬೇಕಾದಲ್ಲಿ ಹೇಳಲಿಲ್ಲ, ಹೇಳಿದಲ್ಲಿ ನಾನು ಕೇಳಲಿಲ್ಲ. ಅವನನ್ನು ಈಗಲೂ ಕ್ಷಮಿಸಿಲ್ಲ. ಆದರೆ ಅವನು ಬೇಕಾಗಿದ್ದ. ಒಂದು ನಿಮಿಷಕ್ಕಾದರೂ, ಬೈಯಿಸಿಕೊಳ್ಳಲಿಕ್ಕಾದರೂ, ಅವನು ಬೇಕಾಗಿದ್ದ.

"ತಾರೀಖ ಹಾಕೂದಿತ್ತೇನ್ರಿ ಸರ್?" ಮಗಳು ಕೇಳಿದಳು.

"ಇರಲಿ ಬಿಡವಾ," ಎಂದು ಪೆನ್ನು ಕಿಸೆಗಿಟ್ಟೆ.

ಅವಳು ಯಂತ್ರ ಬಂದ್ ಮಾಡುವ ಮುಂಚೆ ಪರದೆಯ ಮೂಲೆ ನೋಡಿ, "ಅಯ್ಯ, ತಿಂಗಳ ಮುಗೀಲಿಕ್ಕೆ ಬಂತು" ಎಂದು ಮತ್ತೆ ಕೂತಳು. ಅವಳ ಬೆರಳುಗಳು ನಾಲ್ಕಾರು ಕೀಲಿ ಒತ್ತಿದವು, ಅವನದೇ ಬೆರಳಿನಂತೆ, ನೋಡದೆಯೇ.

ಮತ್ತೆ ಜೂನ್ ಒಂದಾಯಿತು. ಅವಳು ಗೌಸು ಹೊಚ್ಚಿದಳು.