ಕೂಗಿ ಕೊಡುವ ತಂತಿ

ರೈಲಿನಲ್ಲಿ ಪಕ್ಕದವರ ಪತ್ರಿಕೆಯನ್ನು ಅವರ ಹೆಗಲ ಮೇಲಿಂದ ಇಣುಕಿ ಓದುವುದು ನನ್ನ ಹಳೆಯ ಚಾಳಿ. ಓದಿ ಮುಗಿಯುವ ಮೊದಲೇ ಅವರು ಪುಟ ತಿರುಗಿಸಿದರೆ ಸಿಟ್ಟೂ ಬರುತ್ತದೆ. ಇಂಥ ನಾನು, ಮೈಸೂರಿನಿಂದ ದೇವದುರ್ಗಕ್ಕೆ ವರ್ಗವಾಗಿ ಬಂದ ತಿಂಗಳೊಳಗೆ, ಬೇರೆಯವರ ಸುದ್ದಿ ಓದಬಾರದೆಂದು ಊರಿನ ತಂತಿ ಪೇದೆಗೆ ಪಾಠ ಹೇಳಿದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ಅಲ್ಲಿಗೆ ಪತ್ರಿಕೆ ಬರುತ್ತಿದ್ದುದು ಮಧ್ಯಾಹ್ನದ ರಾಯಚೂರು ಬಸ್ಸಿನಲ್ಲಿ. ದೇಶದ ಸುದ್ದಿಗೆ ಯಾರೂ ಅವಸರ ಮಾಡುತ್ತಿರಲಿಲ್ಲ. ಮನೆಯ ಸುದ್ದಿ ತರುತ್ತಿದ್ದವನು ಆ ತಂತಿ ಪೇದೆ ಹುಸೇನಪ್ಪ, ತನ್ನ ಸೈಕಲ್ಲಿನಲ್ಲಿ. ತಂತಿ ಎಂದರೆ ಸಾವು ಎಂದೇ ಜನರ ನಂಬಿಕೆ. ಅವನ ಖಾಕಿ ಕಂಡರೆ ಸಾಕು, ಹೆಂಗಸರು ಎದೆ ಬಡಿದುಕೊಳ್ಳುತ್ತಿದ್ದರು. ಅದಕ್ಕೆ ಅವನೊಂದು ದಾರಿ ಕಂಡುಕೊಂಡಿದ್ದ. ಇಂಗ್ಲಿಷ್ ತಂತಿಯ ಅರ್ಥವನ್ನು ತಂತಿ ಕಚೇರಿಯಲ್ಲೇ ಬಾಬುವಿನಿಂದ ಕೇಳಿಕೊಂಡು, ಓಣಿಯ ತುದಿಯಿಂದಲೇ ಕೂಗುತ್ತಿದ್ದ: "ಯವ್ವಾ, ಅಳಬ್ಯಾಡ! ನಿನ್ನ ಮಗಗ ನೌಕ್ರಿ ಸಿಕ್ಕೈತಂತ!" ಕೆಟ್ಟ ಸುದ್ದಿಯಾದರೆ ಕೂಗುತ್ತಿರಲಿಲ್ಲ. ಸೈಕಲ್ಲಿನಿಂದ ಇಳಿದು, ಮೊದಲು ಪಕ್ಕದ ಮನೆಯ ಹಿರಿಯಳನ್ನು ಜೊತೆಗೆ ಕರೆದುಕೊಂಡು, ಆಮೇಲೆ ಬಾಗಿಲು ತಟ್ಟುತ್ತಿದ್ದ.

ಮೈಸೂರಿನವನಾದ ನನಗೆ ಇದು ಶುದ್ಧ ಅನಾಗರಿಕವೆನಿಸಿತು. "ನನ್ನ ತಂತಿ ಬಂದರೆ ಯಾರನ್ನೂ ಕೇಳಬೇಡಪ್ಪ, ಕೂಗಬೇಡ. ಸುಮ್ಮನೆ ತಂದು ಕೈಗೆ ಕೊಡು" ಎಂದೆ.

"ಆತ್ರೀ ಸರ, ನಿಮ್ಮ ಮಾತು ಮೀರಂಗಿಲ್ಲ" ಎಂದ ಹುಸೇನಪ್ಪ.

ಒಂದು ಊರನ್ನು ತಿದ್ದಿದ ತೃಪ್ತಿಯಲ್ಲಿ ಆ ದಿನ ಎರಡು ಚಹಾ ಕುಡಿದೆ. ಹಳೆಯ ಕವಿಗಳು ಹಂಸವನ್ನೂ ಮೋಡವನ್ನೂ ದೂತರಾಗಿ ಕಳಿಸಿದ್ದಾರಲ್ಲ, ಅವರ್ಯಾರೂ ಲಕೋಟೆಗೆ ಅಂಟು ಹಚ್ಚಿ ಕಳಿಸಿರಲಿಲ್ಲ ಎಂಬುದು ನನಗೆ ಆಗ ಹೊಳೆಯಲಿಲ್ಲ.

ಆ ಬೇಸಿಗೆಯಲ್ಲಿ ನನ್ನ ಹೆಂಡತಿ ಚೊಚ್ಚಲ ಹೆರಿಗೆಗೆಂದು ಮೈಸೂರಿನ ತವರಿನಲ್ಲಿದ್ದಳು. ಮಗು ಅಡ್ಡ ತಿರುಗಿದೆ, ಕಷ್ಟವಾಗಬಹುದು ಎಂದು ಮಾವ ಪತ್ರ ಬರೆದಿದ್ದರು. ನನ್ನ ರಜೆ ಇನ್ನೂ ಮಂಜೂರಾಗಿರಲಿಲ್ಲ. ಒಂದು ಬೆಳಿಗ್ಗೆ ಕಚೇರಿಗೆ ಹೊರಟು ಬಾಗಿಲಿಗೆ ಬೀಗ ಹಾಕುತ್ತಿದ್ದಾಗ ಓಣಿಯ ಮಾತೆಲ್ಲ ಇದ್ದಕ್ಕಿದ್ದಂತೆ ನಿಂತಿತು. ತಿರುಗಿ ನೋಡಿದರೆ ಹುಸೇನಪ್ಪ ಬಾಯಿ ಬಿಗಿಹಿಡಿದು ಬರುತ್ತಿದ್ದಾನೆ. ಪಕ್ಕದ ಮನೆಯ ಭೀಮವ್ವ ಜೋಳ ಹಸನು ಮಾಡುತ್ತಿದ್ದ ಮೊರವನ್ನು ಕೆಳಗಿಟ್ಟು, ಚೊಂಬಿನಲ್ಲಿ ನೀರು ತಂದು ನನ್ನ ಪಕ್ಕ ನಿಂತಳು. ಹುಸೇನಪ್ಪ ಕೂಗದಿದ್ದರೆ ಏನರ್ಥವೆಂದು ಅವಳಿಗೆ ಗೊತ್ತಿತ್ತು. ಕೂಗಬೇಡವೆಂದವನು ನಾನೇ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಆ ಗಳಿಗೆಯಲ್ಲಿ ನನಗೂ ನೆನಪಿರಲಿಲ್ಲ.

"ಕುಂದ್ರು ಯಪ್ಪಾ, ಮೊದ್ಲ ಕುಂದ್ರು" ಎಂದಳು. ನಾನು ಕುಳಿತೆ.

"ಏನಂತೆ ಹುಸೇನಪ್ಪ?"

"ನಾ ಕೇಳಿಲ್ರೀ ಸರ. ನೀವಽ ಬ್ಯಾಡ ಅಂದಿದ್ರಲ್ಲ. ಬಾಬು ಹೇಳಾಕ ಬಂದ್ರೂ ಕಿವಿ ಮುಚ್ಕೊಂಡು ಬಂದೀನ್ರಿ." ಅವನು ಲಕೋಟೆ ಚಾಚಿದ.

ಹರಿಯಲು ನನ್ನಿಂದಾಗಲಿಲ್ಲ. ಭೀಮವ್ವ ಹರಿದು ಕೊಟ್ಟಳು. ತಾಯಿ, ಮಗಳು ಕ್ಷೇಮ ಎಂದಿತ್ತು. ನಾನು ಮೈಮರೆತು ಓಣಿಗೆಲ್ಲ ಕೇಳುವಂತೆ ಕಿರುಚಿದೆ. ಹುಸೇನಪ್ಪ ಟೊಪ್ಪಿಗೆ ತೆಗೆದು ಮುಖ ಒರೆಸಿಕೊಂಡ. "ಇನ್ನ ನಾನೂ ಹೇಳಬಹುದಲ್ರೀ ಸರ?" ಎಂದು ಕೇಳಿ, ನಾನು ತಲೆಯಾಡಿಸುವುದರೊಳಗೆ ಸೈಕಲ್ಲೇರಿದ. ನಿಯಮ ಮುರಿದು ಇಷ್ಟು ಚೆನ್ನಾಗಿ ನೌಕರಿ ಮಾಡಿದವನನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ರಜೆ ಕೇಳಲು ಹೋದರೆ, ಹುಸೇನಪ್ಪನ ಕೂಗು ಕೇಳಿ ನಮ್ಮ ಕಚೇರಿಯ ಸಾಹೇಬರು ಆಗಲೇ ಸಹಿ ಮಾಡಿಟ್ಟಿದ್ದರು. ರಾಯಚೂರು ಬಸ್ಸಿನ ಕಂಡಕ್ಟರ್ ಯಾರನ್ನೋ ಎಬ್ಬಿಸಿ ನನಗೆ ಸೀಟು ಕೊಡಿಸಿದ. ಪಕ್ಕದಲ್ಲಿದ್ದ ಅರಕೇರಾದ ಮುದುಕಿಯನ್ನು ನಾನು ಎಂದೂ ನೋಡಿದವನಲ್ಲ. ಆಕೆ ಉಡಿಯಿಂದ ನಾಲ್ಕು ಉತ್ತತ್ತಿ ತೆಗೆದು, ಬಾಣಂತಿಗೆ ಕೊಡು ಎಂದು ನನ್ನ ಕೈಗಿಟ್ಟಳು. ಆಮೇಲೆ ಎಂಜಿನ್ನಿನ ಸದ್ದನ್ನೂ ಮೀರಿಸಿ ಕೇಳಿದಳು: "ಕೂಸಿಗೆ ಹಾಲು ಸಾಕಾಗಾಕತ್ಯಾವೇನೋ ಯಪ್ಪಾ?"

ಇಡೀ ಬಸ್ಸು ನನ್ನ ಮುಖ ನೋಡಿತು.

"ಗೊತ್ತಿಲ್ಲವ್ವ" ಎಂದೆ. "ಊರು ಮುಟ್ಟಿದ ಕೂಡಲೇ ಕೇಳಿ, ಹುಸೇನಪ್ಪನ ಹೆಸರಿಗೇ ತಂತಿ ಕೊಡುತ್ತೇನೆ."